ಡಾಕ್ಯುಮೆಂಟ್ಸ್ ಡಿ ಡ್ರೈವ್‌ಗೆ ಹೋಗಲು ಒಲ್ಲೆ ಅಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಮಳೆಗಾಲದಲ್ಲಿ ನನಗೆ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ಸಿ ಡ್ರೈವ್ ತುಂಬಿ ಕೆಂಪು ಗೆರೆ ಬಂದಿದೆ. ಪಕ್ಕದಲ್ಲೇ ಡಿ ಡ್ರೈವ್ ಖಾಲಿ ಬಿದ್ದಿದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಅಲ್ಲಿಗೆ ಸಾಗಿಸಲು ಹೋಗಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡವರು ಶಿವಮೊಗ್ಗದಿಂದ ಕೊಪ್ಪದವರೆಗೂ ಇದ್ದಾರೆ.

ಉತ್ತರಕ್ಕೆ ಮೊದಲು ಒಂದು ಮಾತು. ಡಾಕ್ಯುಮೆಂಟ್ಸ್ ಅನ್ನುವುದು ಬರೀ ಫೋಲ್ಡರ್ ಅಲ್ಲ. ಅದು ಎಲ್ಲಿದೆ ಅನ್ನುವ ವಿಳಾಸವನ್ನು ವಿಂಡೋಸ್ ತನ್ನ ಲೆಕ್ಕದಲ್ಲಿ ಬೇರೆ ಬರೆದಿಟ್ಟುಕೊಂಡಿರುತ್ತದೆ. ನೀವು ಫೈಲ್‌ಗಳನ್ನು ಕಾಪಿ ಮಾಡಿ ಡಿಗೆ ಹಾಕಿದರೆ ಫೈಲ್ ಹೋಗುತ್ತದೆ, ವಿಳಾಸ ಹೋಗುವುದಿಲ್ಲ. ವರ್ಡ್ ಮತ್ತೆ ಸಿಯಲ್ಲೇ ಸೇವ್ ಮಾಡುತ್ತದೆ. ಎರಡೂ ಒಟ್ಟಿಗೆ ಹೋಗಬೇಕಾದರೆ ದಾರಿ ಇದು: ಡಿಯಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಅದರೊಳಗೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಅಂತ ಬೇರೆ ಬೇರೆ ಖಾಲಿ ಫೋಲ್ಡರ್ ಮಾಡಿ. ಆಮೇಲೆ ಹಳೆಯ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಹೊಸದನ್ನು ತೋರಿಸಿ ಅಪ್ಲೈ ಕೊಡಿ. ಒಂದೊಂದು ಫೋಲ್ಡರ್‌ಗೂ ಅದರದ್ದೇ ಜಾಗ ಇರಲಿ. ಕೆಳಗಿನ ತೊಂದರೆಗಳಲ್ಲಿ ಮೊದಲನೆಯದು ಈ ಒಂದು ಹೆಜ್ಜೆ ಬಿಟ್ಟಿದ್ದರಿಂದಲೇ ಬಂದದ್ದು.

ಪ್ರಶ್ನೆ: ಮೂವ್ ಒತ್ತಿ ಡಿ ಡ್ರೈವನ್ನೇ ಆರಿಸಿಬಿಟ್ಟೆ. ಈಗ ಡಿ ಡ್ರೈವ್‌ನ ಹೆಸರೇ ಡಾಕ್ಯುಮೆಂಟ್ಸ್ ಅಂತ ಕಾಣುತ್ತಿದೆ. ತೋಟದ ಲೆಕ್ಕ, ಮಗನ ಗೇಮ್‌ಗಳು, ಮದುವೆ ಫೋಟೋ ಎಲ್ಲ ಅದರಲ್ಲೇ ಕಲಸಿಹೋಗಿದೆ. ರೀಸ್ಟೋರ್ ಡಿಫಾಲ್ಟ್ ಒತ್ತಿದರೆ 'ಆಕ್ಸೆಸ್ ಡಿನೈಡ್' ಅನ್ನುತ್ತದೆ. ಏನು ಮಾಡಲಿ ಮಾರಾಯ್ರೆ? (ಸಾಗರದ ಅಡಿಕೆ ಬೆಳೆಗಾರರು)

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಒಂದು ಫೈಲೂ ಕಳೆದಿಲ್ಲ. ಕೆಟ್ಟಿರುವುದು ವಿಳಾಸ ಮಾತ್ರ. ರೀಸ್ಟೋರ್ ಡಿಫಾಲ್ಟನ್ನು ಇನ್ನೊಮ್ಮೆ ಒತ್ತಬೇಡಿ. ಫೈಲ್‌ಗಳನ್ನೂ ಸಾಗಿಸಲಾ ಅಂತ ಅದು ಕೇಳಿದಾಗ 'ಯೆಸ್' ಅಂದರೆ ಇಡೀ ಡಿ ಡ್ರೈವನ್ನು ಎತ್ತಿ ಸಿಗೆ ತರಲು ನೋಡುತ್ತದೆ.

ಅದು ಯಾಕೆ ಸೋಲುತ್ತದೆ ಗೊತ್ತಾ? ಪ್ರತಿ ಡ್ರೈವ್‌ನ ಬುಡದಲ್ಲಿ ವಿಂಡೋಸ್ ಬಚ್ಚಿಟ್ಟ ಒಂದೆರಡು ಫೋಲ್ಡರ್ ಇರುತ್ತವೆ. ಒಂದು ರೀಸೈಕಲ್ ಬಿನ್, ಇನ್ನೊಂದು ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್. ಈಗ ಡಿ ಡ್ರೈವೇ ನಿಮ್ಮ ಡಾಕ್ಯುಮೆಂಟ್ಸ್ ಆಗಿರುವುದರಿಂದ ಅವೂ ನಿಮ್ಮ ಸಾಮಾನಿನ ಲೆಕ್ಕಕ್ಕೆ ಸೇರಿಬಿಟ್ಟಿವೆ. ಅವನ್ನು ಅಲ್ಲಾಡಿಸಲು ನಿಮಗೆ ಅನುಮತಿ ಇಲ್ಲ. ಹಾಗಾಗಿ ಕೆಲಸ ಅಲ್ಲೇ ನಿಲ್ಲುತ್ತದೆ.

ಸರಿಪಡಿಸಲು ಫೈಲ್‌ಗಳನ್ನು ವಾಪಸ್ ಸಿಗೆ ತರುವ ಅಗತ್ಯವೇ ಇಲ್ಲ. ವಿಳಾಸವನ್ನು ಕೈಯಾರೆ ತಿದ್ದಿದರೆ ಸಾಕು. ಡಿಯಲ್ಲಿ 'ಮನೆ' ಅಂತ ಒಂದು ಫೋಲ್ಡರ್ ಮಾಡಿ, ಅದರೊಳಗೆ ಡಾಕ್ಯುಮೆಂಟ್ಸ್ ಅಂತ ಇನ್ನೊಂದು ಮಾಡಿ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಿ, ಮುಂದೆ ಟೈಪ್ ಮಾಡುವುದು ಸುಲಭ. ಈಗ ಸ್ಟಾರ್ಟ್‌ನಲ್ಲಿ 'ರೆಜ್‌ಎಡಿಟ್' (regedit) ಅಂತ ಟೈಪ್ ಮಾಡಿ, ವಿಂಡೋಸ್‌ನ ಆ ಲೆಕ್ಕವನ್ನು ತಿದ್ದುವ ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ಎಡಗಡೆ ಎಚ್‌ಕೀ ಕರೆಂಟ್ ಯೂಸರ್, ಅದರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಶನ್, ಎಕ್ಸ್‌ಪ್ಲೋರರ್, ಕೊನೆಗೆ ಯೂಸರ್ ಶೆಲ್ ಫೋಲ್ಡರ್ಸ್. ಇದರ ಪಕ್ಕದಲ್ಲೇ ಬರೀ 'ಶೆಲ್ ಫೋಲ್ಡರ್ಸ್' ಅಂತ ಇನ್ನೊಂದು ಇರುತ್ತದೆ, ಅದು ಬೇಡ. ಮುಟ್ಟುವ ಮೊದಲು ಯೂಸರ್ ಶೆಲ್ ಫೋಲ್ಡರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ತಪ್ಪಾದರೆ ಆ ಪ್ರತಿಯನ್ನು ಡಬಲ್ ಕ್ಲಿಕ್ ಮಾಡಿದರೆ ಮೊದಲಿನಂತೆ ಆಗುತ್ತದೆ.

ಬಲಗಡೆ ಪಟ್ಟಿಯಲ್ಲಿ ಡಾಕ್ಯುಮೆಂಟ್ಸ್ ಅಂತ ಹುಡುಕಿದರೆ ಸಿಗುವುದಿಲ್ಲ. ಹಳೆ ಕಾಲದಿಂದ ಅದರ ಹೆಸರು ಅಲ್ಲಿ 'ಪರ್ಸನಲ್'. ಅದನ್ನು ತೆರೆದರೆ ಡಿ, ಕೋಲನ್, ಒಂದು ಓರೆಗೆರೆ ಇಷ್ಟೇ ಇರುತ್ತದೆ. ಅದರ ಮುಂದೆ ಮನೆ, ಮತ್ತೊಂದು ಓರೆಗೆರೆ, ಡಾಕ್ಯುಮೆಂಟ್ಸ್ ಅಂತ ಸೇರಿಸಿ. ಕೆಲವು ಕಂಪ್ಯೂಟರ್‌ಗಳಲ್ಲಿ ಇದೇ ವಿಳಾಸ ಸುರುಳಿ ಆವರಣದೊಳಗಿನ ಒಂದು ಉದ್ದದ ಸಂಖ್ಯೆಯ ಎದುರೂ ಇರುತ್ತದೆ. ಇದ್ದರೆ ಅದನ್ನೂ ತಿದ್ದಿ. ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಡಾಕ್ಯುಮೆಂಟ್ಸ್ ಈಗ ಖಾಲಿ ಕಾಣುತ್ತದೆ, ಹೆದರಬೇಡಿ. ಡಿಯ ಬುಡದಲ್ಲಿರುವ ನಿಮ್ಮ ಲೆಕ್ಕ, ಪತ್ರಗಳನ್ನು ಆರಿಸಿ ಅದರೊಳಗೆ ಎಳೆದು ಹಾಕಿ. ಗೇಮ್‌ಗಳು ಇದ್ದಲ್ಲೇ ಇರಲಿ.

ಡಿ ಡ್ರೈವ್‌ಗೆ ಇನ್ನೂ ಡಾಕ್ಯುಮೆಂಟ್ಸ್ ಅಂತಲೇ ಹೆಸರು ಇದ್ದರೆ, ಬುಡದಲ್ಲಿ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಅನ್ನುವ ಒಂದು ಪುಟ್ಟ ಫೈಲ್ ಉಳಿದಿದೆ ಅಂತ ಅರ್ಥ. ಮಸುಕಾದ ಬಣ್ಣದಲ್ಲಿ, ಹಲ್ಲುಚಕ್ರದ ಚಿತ್ರದೊಂದಿಗೆ ಕಾಣುತ್ತದೆ. ಅದು ಕಾಣಬೇಕಾದರೆ ಫೋಲ್ಡರ್ ಆಪ್ಶನ್ಸ್‌ನ ವ್ಯೂ ಪುಟದಲ್ಲಿ ಅಡಗಿದ ಫೈಲ್ ತೋರಿಸು ಅನ್ನುವುದನ್ನು ಆರಿಸಿ, ಸಿಸ್ಟಮ್ ಫೈಲ್ ಅಡಗಿಸು ಅನ್ನುವ ಟಿಕ್ ತೆಗೆಯಬೇಕು. ಡ್ರೈವ್‌ನ ಬುಡದಲ್ಲಿರುವ ಆ ಒಂದನ್ನು ಮಾತ್ರ ಅಳಿಸಿ, ಟಿಕ್ ವಾಪಸ್ ಹಾಕಿ.

ಪಿಕ್ಚರ್ಸ್, ವಿಡಿಯೋಸ್‌ಗೂ ಹೀಗೇ ಆಗಿದ್ದರೆ ಅದೇ ಪಟ್ಟಿಯಲ್ಲಿ 'ಮೈ ಪಿಕ್ಚರ್ಸ್', 'ಮೈ ವಿಡಿಯೋ' ಅಂತ ಸಿಗುತ್ತವೆ. ಡೌನ್‌ಲೋಡ್ಸ್‌ಗೆ ಅಲ್ಲಿ ಹೆಸರಿಲ್ಲ. ಸುರುಳಿ ಆವರಣದೊಳಗೆ 374ರಿಂದ ಶುರುವಾಗುವ ಉದ್ದದ ಸಂಖ್ಯೆಯೇ ಅದು.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಡಾಕ್ಯುಮೆಂಟ್ಸ್‌ನ ವಿಳಾಸದ ಮಧ್ಯೆ ಒನ್‌ಡ್ರೈವ್ ಅಂತ ಬರುತ್ತಿದೆ. ಡಿಗೆ ಸಾಗಿಸಲು ಬಿಡುತ್ತಿಲ್ಲ. ಜೊತೆಗೆ 'ಜಾಗ ಮುಗಿದಿದೆ, ದುಡ್ಡು ಕಟ್ಟಿ' ಅಂತ ದಿನವೂ ಕೇಳುತ್ತಿದೆ. (ಶಿವಮೊಗ್ಗದ ವಿನೋಬನಗರದ ವಿದ್ಯಾರ್ಥಿನಿ)

ಉತ್ತರ: ಹೊಸ ಲ್ಯಾಪ್‌ಟಾಪ್ ಶುರು ಮಾಡುವಾಗ ಮುಂದೆ, ಮುಂದೆ ಅಂತ ಒತ್ತುತ್ತಾ ಹೋಗುತ್ತೇವಲ್ಲ, ಆಗಲೇ ಒನ್‌ಡ್ರೈವ್, ಅಂದರೆ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಉಗ್ರಾಣದ ಬ್ಯಾಕಪ್ ಆನ್ ಆಗಿರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಅದರ ಕೈಗೆ ಹೋಗಿರುತ್ತವೆ. ಪುಕ್ಕಟೆ ಸಿಗುವುದು 5 ಜಿಬಿ ಮಾತ್ರ, ಫೋಟೋ ಇದ್ದರೆ ಬೇಗ ತುಂಬುತ್ತದೆ.

ಮೊದಲು ಅದರಿಂದ ಬಿಡಿಸಿಕೊಳ್ಳಬೇಕು, ಆಮೇಲೆ ಸಾಗಿಸಬೇಕು. ಈ ಕ್ರಮ ಹಿಂದುಮುಂದಾದರೆ ಕೆಲಸ ಆಗುವುದಿಲ್ಲ. ಬಿಡಿಸುವುದಕ್ಕೂ ಮುಂಚೆ ಇನ್ನೊಂದು ನೋಡಿಕೊಳ್ಳಿ. ಫೈಲ್ ಪಕ್ಕ ಮೋಡದ ಗುರುತು ಇದ್ದರೆ ಆ ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇದೆ. ಅಂಥವನ್ನು ಆರಿಸಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಟ್ಟು ಇಳಿಸಿಕೊಳ್ಳಿ. ಸಿಯಲ್ಲಿ ಜಾಗ ಸಾಲದಿದ್ದರೆ ಸ್ವಲ್ಪ ಸ್ವಲ್ಪವೇ ಇಳಿಸಿ ಡಿಗೆ ಕಾಪಿ ಮಾಡಿಕೊಳ್ಳಿ.

ಆಮೇಲೆ ಗಡಿಯಾರದ ಪಕ್ಕದ ಮೋಡದ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಸಿಂಕ್ ಅಂಡ್ ಬ್ಯಾಕಪ್, ಮ್ಯಾನೇಜ್ ಬ್ಯಾಕಪ್. ಒಂದೊಂದನ್ನೇ ನಿಲ್ಲಿಸಿ. ನಿಲ್ಲಿಸಿದ ಕೂಡಲೇ ಡಾಕ್ಯುಮೆಂಟ್ಸ್ ಖಾಲಿಯಾಗಿ ಕಾಣಬಹುದು. ಒಳಗೆ 'ವೇರ್ ಆರ್ ಮೈ ಫೈಲ್ಸ್' ಅಂತ ಒಂದು ಶಾರ್ಟ್‌ಕಟ್ ಮಾತ್ರ ಉಳಿದಿರಬಹುದು. ಇದನ್ನು ನೋಡಿ ಎಷ್ಟೋ ಜನ ಪ್ರಾಜೆಕ್ಟ್ ವರದಿ ಹೋಯಿತು ಅಂತ ಅತ್ತುಕೊಂಡು ಫೋನ್ ಮಾಡುತ್ತಾರೆ. ಹೋಗಿರುವುದಿಲ್ಲ. ಒನ್‌ಡ್ರೈವ್ ಫೋಲ್ಡರಿನೊಳಗೆ ಇನ್ನೊಂದು ಡಾಕ್ಯುಮೆಂಟ್ಸ್ ಇದೆ, ಎಲ್ಲ ಅಲ್ಲೇ ಇದೆ. ಈಗ ಲೊಕೇಶನ್‌ಗೆ ಹೋಗಿ ಡಿಯ ವಿಳಾಸ ಕೊಡಿ, ಆ ಹಳೆಯದರಿಂದ ಫೈಲ್‌ಗಳನ್ನು ಇದಕ್ಕೆ ತಂದುಕೊಳ್ಳಿ. ತರುವಾಗ ಕಟ್ ಬೇಡ, ಕಾಪಿ ಮಾಡಿ. ಒನ್‌ಡ್ರೈವ್‌ನೊಳಗಿಂದ ತೆಗೆದದ್ದು ಇಂಟರ್ನೆಟ್‌ನಲ್ಲಿರುವ ಪ್ರತಿಯಿಂದಲೂ ಹೋಗುತ್ತದೆ, ಅದು ನೆನಪಿರಲಿ.

ಪ್ರಶ್ನೆ: ಸಂಘದ ಕಂಪ್ಯೂಟರ್‌ನಲ್ಲಿ ಡಾಕ್ಯುಮೆಂಟ್ಸ್ ಸಾಗಿಸುತ್ತಿದ್ದೆ. ಅರ್ಧ ಆಗುವಷ್ಟರಲ್ಲಿ ಸಿಡಿಲು ಬಡಿದು ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಈಗ ಕೆಲವು ಫೈಲ್ ಸಿಯಲ್ಲಿವೆ, ಕೆಲವು ಡಿಯಲ್ಲಿವೆ. (ಹೊಸನಗರದ ಸಹಕಾರ ಸಂಘದ ಗುಮಾಸ್ತರು)

ಉತ್ತರ: ನಮ್ಮ ಕಡೆ ಜೂನ್‌ನಿಂದ ಇದು ತಪ್ಪಿದ್ದಲ್ಲ. ನಿಮ್ಮ ಪತ್ರ ಓದಿ ನನಗೂ ಸಂಕಟ ಆಯಿತು, ಸದಸ್ಯರ ಸಾಲದ ಲೆಕ್ಕ ಅಂದರೆ ಸುಮ್ನೆ ಅಲ್ಲ.

ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಮೂವ್ ಅಂದರೆ ನಿಜವಾಗಿ ಅಲ್ಲಿ ಕಾಪಿ ಮಾಡುವುದು, ಆಮೇಲೆ ಇಲ್ಲಿ ಅಳಿಸುವುದು. ಹಾಗಾಗಿ ಕರೆಂಟ್ ಹೋದ ಕ್ಷಣದಲ್ಲಿ ಕೈಯಲ್ಲಿದ್ದ ಫೈಲ್‌ನ ಮೂಲ ಸಾಮಾನ್ಯವಾಗಿ ಸಿಯಲ್ಲೇ ಉಳಿದಿರುತ್ತದೆ. ಡಿಯಲ್ಲಿರುವ ಅದರ ಪ್ರತಿ ಮಾತ್ರ ಅರ್ಧಂಬರ್ಧ. ಎಚ್ಚರ, ಒಮ್ಮೊಮ್ಮೆ ಅದರ ಗಾತ್ರ ಸರಿಯಾಗೇ ಕಾಣುತ್ತದೆ, ತೆರೆದರೆ ಕೆಟ್ಟಿರುತ್ತದೆ. 'ಎರಡೂ ಕಡೆ ಇದೆ' ಅಂತ ಸಿಯದ್ದನ್ನು ಅಳಿಸಬೇಡಿ.

ಉಳಿದದ್ದನ್ನು ತರಲು ರೋಬೋಕಾಪಿ ಬಳಸಿ. ವಿಂಡೋಸ್‌ನಲ್ಲೇ ಇದೆ, ಬೇರೆ ಹಾಕಿಕೊಳ್ಳಬೇಕಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ರೋಬೋಕಾಪಿ, ಸಿಯ ಫೋಲ್ಡರ್ ವಿಳಾಸ, ಡಿಯ ಫೋಲ್ಡರ್ ವಿಳಾಸ, ಕೊನೆಗೆ /ಇ /ಎಕ್ಸ್‌ಜೆ /ಆರ್:1 /ಡಬ್ಲ್ಯು:1 ಅಂತ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಎರಡೂ ವಿಳಾಸಕ್ಕೆ ಉದ್ಧರಣ ಚಿಹ್ನೆ ಹಾಕಿ. /ಇ ಅಂದರೆ ಒಳಗಿನ ಫೋಲ್ಡರ್‌ಗಳೂ ಬರಲಿ. /ಎಕ್ಸ್‌ಜೆ ಯಾಕೆಂದರೆ ಡಾಕ್ಯುಮೆಂಟ್ಸ್ ಒಳಗೆ ಮೈ ಮ್ಯೂಸಿಕ್, ಮೈ ಪಿಕ್ಚರ್ಸ್ ಅಂತ ಅಡಗಿದ ಕೈಮರಗಳಿವೆ, ಅವುಗಳ ಹಿಂದೆ ಹೋಗುವುದು ಬೇಡ. ಕೊನೆಯ ಎರಡು ತೀರಾ ಮುಖ್ಯ. ಅವನ್ನು ಹಾಕದಿದ್ದರೆ ತೆರೆದುಕೊಳ್ಳದ ಒಂದು ಫೈಲ್‌ಗಾಗಿ ರೋಬೋಕಾಪಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಕಂಪ್ಯೂಟರ್ ಹ್ಯಾಂಗ್ ಆಯಿತು ಅಂತ ನೀವು ಅಂದುಕೊಳ್ಳುತ್ತೀರಿ. ಇಂಟರ್ನೆಟ್‌ನಲ್ಲಿ ನೋಡಿ /ಎಂಐಆರ್ ಅಂತ ಸೇರಿಸಬೇಡಿ. ಸಿಯಲ್ಲಿ ಇಲ್ಲದ್ದನ್ನೆಲ್ಲ ಅದು ಡಿಯಿಂದ ಅಳಿಸಿಬಿಡುತ್ತದೆ. ನಿಮ್ಮ ವಿಷಯದಲ್ಲಿ ಈಗಾಗಲೇ ಡಿಗೆ ಹೋದ ಲೆಕ್ಕವೆಲ್ಲ ಹೋದಂತೆ.

ಮತ್ತೆ ಕರೆಂಟ್ ಹೋದರೂ ಇದೇ ಸಾಲನ್ನು ಇನ್ನೊಮ್ಮೆ ಓಡಿಸಿ. ಪೂರ್ತಿ ಬಂದದ್ದನ್ನು ಬಿಟ್ಟು, ಅರ್ಧ ಆದದ್ದನ್ನು ಮತ್ತೆ ಮಾಡುತ್ತದೆ. ಮುಗಿದಾಗ ಕೆಳಗೆ ಒಂದು ಪಟ್ಟಿ ಬರುತ್ತದೆ. 'ಫೇಲ್ಡ್' ಅನ್ನುವ ಕಾಲಂನಲ್ಲಿ ಸೊನ್ನೆ ಇರಬೇಕು. ಇದ್ದರೆ ಲೊಕೇಶನ್‌ಗೆ ಹೋಗಿ ವಿಳಾಸ ಬದಲಿಸಿ. ಫೈಲ್‌ಗಳನ್ನೂ ಸಾಗಿಸಲಾ ಅಂತ ಕೇಳಿದಾಗ 'ನೋ' ಅನ್ನಿ. ಒಂದು ವಾರ ಕೆಲಸ ಮಾಡಿ ನೋಡಿ, ಆಮೇಲೆ ಸಿಯದ್ದನ್ನು ಅಳಿಸಿ. ನಾನಂತೂ ಕರೆಂಟ್ ಇರಲಿ ಬಿಡಲಿ, ಯಾವ ಊರಿನ ಕಂಪ್ಯೂಟರ್ ಆದರೂ ಈಗ ಹೀಗೇ ಮಾಡುವುದು.

ನಿಮ್ಮ ಸಿ ಮತ್ತು ಡಿ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗ ಆಗಿರಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿ. ಎರಡೂ 'ಡಿಸ್ಕ್ 0' ಸಾಲಿನಲ್ಲೇ ಇದ್ದರೆ, ಒಂದು ಸಿಡಿಲಿಗೆ ಎರಡೂ ಹೋಗುತ್ತವೆ. ಸಂಘದ ಲೆಕ್ಕದ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಪ್ಲಗ್ ಕಿತ್ತು ಬೀರುವಿನೊಳಗೆ ಇರಲೇಬೇಕು. ದಯವಿಟ್ಟು ಈ ವಾರವೇ ಮಾಡಿ.

ಪ್ರಶ್ನೆ: ಕೆಲವು ಫೈಲ್‌ಗಳಿಗೆ ಮಾತ್ರ ಹೆಸರು ತುಂಬಾ ಉದ್ದ ಆಯಿತು ಅನ್ನುತ್ತದೆ. ಆದರೆ ಅವೇ ಫೈಲ್ ಸಿಯಲ್ಲಿ ಚೆನ್ನಾಗೇ ಇವೆ. ನಾನು ಎಲ್ಲ ಹೆಸರೂ ಕನ್ನಡದಲ್ಲೇ ಕೊಡುತ್ತೇನೆ. (ತೀರ್ಥಹಳ್ಳಿಯ ಶಿಕ್ಷಕಿ)

ಉತ್ತರ: ಕನ್ನಡದಲ್ಲಿ ಹೆಸರು ಕೊಡುವುದನ್ನು ನಿಲ್ಲಿಸಬೇಡಿ ಮೇಡಂ. ಅದರಲ್ಲಿ ತಪ್ಪಿಲ್ಲ, ಲೆಕ್ಕ ಮಾತ್ರ ಗೊತ್ತಿರಲಿ. ಡ್ರೈವ್ ಅಕ್ಷರದಿಂದ ಫೈಲ್ ಹೆಸರಿನ ಕೊನೆಯವರೆಗೆ ಪೂರ್ತಿ ವಿಳಾಸ 260 ಸ್ಥಾನ ಮೀರಬಾರದು ಅನ್ನುವುದು ವಿಂಡೋಸ್‌ನ ಹಳೆಯ ನಿಯಮ. ಕನ್ನಡದ ಅಕ್ಷರ ಕಣ್ಣಿಗೆ ಒಂದಾಗಿ ಕಂಡರೂ ಕಂಪ್ಯೂಟರ್ ಅದನ್ನು ಬಿಡಿಸಿ ಎಣಿಸುತ್ತದೆ. ನಿಮ್ಮ ಊರಿನ ಹೆಸರನ್ನೇ ನೋಡಿ: ತೀ, ರ್ಥ, ಹ, ಳ್ಳಿ. ನಾಲ್ಕೇ ಅಕ್ಷರ. ಅದಕ್ಕೆ ತ, ದೀರ್ಘ, ರ, ಅರ್ಧಚಿಹ್ನೆ, ಥ, ಹ, ಳ, ಅರ್ಧಚಿಹ್ನೆ, ಳ, ಗುಡಿಸು, ಹೀಗೆ 10 ಸ್ಥಾನ.

ಡಿಯಲ್ಲಿ ನೀವು ಮಾಡಿರುವ ಫೋಲ್ಡರ್ ಹೆಸರು ಉದ್ದ ಇರಬೇಕು. ಅದೂ ಲೆಕ್ಕಕ್ಕೆ ಸೇರಿ 260 ದಾಟುತ್ತಿದೆ. ಅದಕ್ಕೇ ಸಿಯಲ್ಲಿ ಸರಿ, ಡಿಯಲ್ಲಿ ತಪ್ಪು. ಡಿಯ ಫೋಲ್ಡರ್‌ಗೆ 'ಶಾಲೆ' ಅಂತ ಚಿಕ್ಕ ಹೆಸರು ಇಡಿ, ಮುಕ್ಕಾಲು ಪಾಲು ಫೈಲ್ ಹೋಗುತ್ತವೆ. ಉಳಿದವಕ್ಕೆ ಮೇಲಿನ ಫೋಲ್ಡರ್‌ಗಳ ಹೆಸರು ಕತ್ತರಿಸಿ. ಈ ಮಿತಿ ತೆಗೆಯುವ ಒಂದು ಸೆಟ್ಟಿಂಗ್ 2016ರಿಂದ ವಿಂಡೋಸ್ 10ರಲ್ಲಿ ಇದೆ. ಆದರೆ ಫೈಲ್ ಎಕ್ಸ್‌ಪ್ಲೋರರೇ ಅದನ್ನು ಪಾಲಿಸುವುದಿಲ್ಲ, ಹಾಗಾಗಿ ನಿಮಗೆ ಉಪಯೋಗ ಇಲ್ಲ.

ಪ್ರಶ್ನೆ: ಪಿಕ್ಚರ್ಸ್ ಮತ್ತು ಡೆಸ್ಕ್‌ಟಾಪ್ ಎರಡನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿದ್ದೇನೆ. ಪೆನ್‌ಡ್ರೈವ್ ಚುಚ್ಚಿದ ದಿನ 'ಲೊಕೇಶನ್ ಈಸ್ ನಾಟ್ ಅವೈಲಬಲ್' ಅಂತ ಬಂದು ಡೆಸ್ಕ್‌ಟಾಪ್ ಬೋಳಾಗುತ್ತದೆ. (ಕೊಪ್ಪದ ಫೋಟೋ ಸ್ಟುಡಿಯೋದವರು)

ಉತ್ತರ: ನಿಮ್ಮ ಡಿಸ್ಕಿನ ಅಕ್ಷರವನ್ನು ಪೆನ್‌ಡ್ರೈವ್ ತೆಗೆದುಕೊಂಡಿದೆ. ಪೆನ್‌ಡ್ರೈವ್ ತೆಗೆದು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನಿಮ್ಮ ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಮೊದಲಿನ ಅಕ್ಷರವನ್ನೇ ಕೊಡಿ, ಎಲ್ಲ ವಾಪಸ್ ಬರುತ್ತದೆ. ಆದರೆ ಕಿತ್ತು ಚುಚ್ಚುವ ಡಿಸ್ಕಿನಲ್ಲಿ ಡೆಸ್ಕ್‌ಟಾಪ್ ಇಡುವುದು ಬೇಡ. ಅದನ್ನು ಸಿಗೆ ತನ್ನಿ. ಅದು ಬಂದ ಮೇಲೆ ಡಿಸ್ಕಿಗೆ ಪಿ, ಎಸ್ ಥರ ದೂರದ ಅಕ್ಷರ ಕೊಟ್ಟು, ಪಿಕ್ಚರ್ಸ್‌ನ ವಿಳಾಸವನ್ನು ಅದಕ್ಕೆ ತಕ್ಕಂತೆ ತಿದ್ದಿ. ಲೈಟ್‌ರೂಮ್‌ನಲ್ಲಿ ಫೋಲ್ಡರ್ ಮೇಲೆ ಪ್ರಶ್ನೆ ಗುರುತು ಬಂದರೆ ರೈಟ್ ಕ್ಲಿಕ್ ಮಾಡಿ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಕೊಟ್ಟು ಹೊಸ ಜಾಗ ತೋರಿಸಿ. ಹೊಸದಾಗಿ ಇಂಪೋರ್ಟ್ ಮಾಡಬೇಡಿ, ನೀವು ಮಾಡಿದ ತಿದ್ದುಪಡಿಗಳು ಹಳೆಯ ಕ್ಯಾಟಲಾಗಿನಲ್ಲಿವೆ. ಡಿಸ್ಕ್ ಫ್ಯಾಟ್32 ಅನ್ನುವ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಮದುವೆ ವಿಡಿಯೋ ಅದರಲ್ಲಿ ಕೂರುವುದಿಲ್ಲ, ಎನ್‌ಟಿಎಫ್‌ಎಸ್ ಬೇಕು.

ಪ್ರಶ್ನೆ: ವಿಂಡೋಸ್ ಹೊಸದಾಗಿ ಹಾಕಿಸಿ ಫೈಲ್‌ಗಳನ್ನು ಡಿಯಲ್ಲಿಟ್ಟ ಮೇಲೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪತ್ರಗಳೆಲ್ಲ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತಿವೆ. ಸಾಗಿಸುವಾಗ ಕೆಟ್ಟವಾ? (ಹೊಸನಗರ)

ಉತ್ತರ: ಇಲ್ಲ. ಆ ಪತ್ರಗಳು ಯೂನಿಕೋಡ್‌ಗಿಂತ ಹಿಂದಿನ ಥರದವು, ನುಡಿ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಫಾಂಟ್ ಇದ್ದದ್ದು ಸಿಯಲ್ಲಿ, ವಿಂಡೋಸ್ ಜೊತೆ ಅಳಿಸಿಹೋಗಿದೆ. ನುಡಿಯನ್ನು ಮತ್ತೆ ಹಾಕಿಕೊಂಡು ಪತ್ರ ತೆರೆಯಿರಿ. ಅಲ್ಲಿಯವರೆಗೆ ಯಾವುದನ್ನೂ ಸೇವ್ ಮಾಡಬೇಡಿ.