ಹಳೇ ಮಾರುತಿ 800ರಲ್ಲಿ ಮೀಟರ್ ಬಲ್ಬ್ ಹಾಕೋಕೆ ಡ್ಯಾಶ್‌ಬೋರ್ಡ್ ಟ್ರಿಮ್ ಬಿಚ್ಚೋದು ಹೇಗೆ?

ರಾತ್ರಿ ಹೊತ್ತು ಮೀಟರ್‌ನಲ್ಲಿ ಅರ್ಧ ಕತ್ತಲು, ಟ್ರಿಮ್ ಬಿಚ್ಚೋಕೆ ಯಾವ ಟೂಲ್ ಕಿಟ್ ತಗೊಳ್ಳಲಿ, ಬಲ್ಬ್ ಮಾಮೂಲಿದಾ ಎಲ್‌ಇಡಿನಾ, ಇಲ್ಲ ಗ್ಯಾರೇಜಿಗೇ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ನನ್ನದೂ ಅದೇ ಕಾರು, ಅದೇ ಅರ್ಧ ಕತ್ತಲು. ನಾನೂ ಮೊದಲು ಆ ನೀಲಿ ಪ್ಲಾಸ್ಟಿಕ್ ಕಿಟ್ಟನ್ನೇ ತರಿಸಿದ್ದೆ. ಈಗ ಅದು ಮನೇಲಿ ಪೇಂಟ್ ಡಬ್ಬದ ಮುಚ್ಚಳ ತೆಗೆಯೋಕೆ ಉಪಯೋಗಕ್ಕೆ ಬರ್ತಿದೆ. ಕಿಟ್ ಬೇಡ ಸಾರ್. ನಿಮಗೆ ಬೇಕಾಗಿರೋದು ಒಂದು ಸ್ಟಾರ್ ಸ್ಕ್ರೂಡ್ರೈವರ್, 10ನೇ ನಂಬರ್ ಸ್ಪ್ಯಾನರ್, ಒಂದು ಟಾರ್ಚು.

ನನ್ನ ಕಥೆ ಕೇಳಿ. ಭಾನುವಾರ ಬೆಳಿಗ್ಗೆ, ಮನೆ ಮುಂದೆ ಹೊಂಗೆ ಮರದ ಕೆಳಗೆ ಕಾರು. ಮೀಟರ್ ಸುತ್ತ ಇರೋ ಪ್ಲಾಸ್ಟಿಕ್ ಹುಡ್ಡಿನ (ನೀವು ಟ್ರಿಮ್ ಅಂದಿದ್ದು ಇದನ್ನೇ) ಸಂದಿಗೆ ಕಿಟ್ ತೂರಿಸಿ ಮೀಟ್ತಾ ಇದ್ದೀನಿ, ಅದು ಕಿರ್ ಅಂತಿದೆ, ಬರ್ತಿಲ್ಲ. ವಾಕಿಂಗ್ ಮುಗಿಸಿ ಬಂದ ಪಕ್ಕದ ಮನೆ ಅಂಕಲ್ ಬಗ್ಗಿ ನೋಡಿ, "ಏನಪ್ಪಾ, ಮೇಲ್ಗಡೆ ಸ್ಕ್ರೂ ತೆಗೆದ್ಯಾ?" ಅಂದ್ರು. ಹುಡ್ಡಿನ ಮೇಲಂಚಿನ ಒಳಗೆ, ನೆಲ ನೋಡ್ಕೊಂಡು ಎರಡು ಸ್ಕ್ರೂ ಕೂತಿದ್ವು. ಸೀಟಲ್ಲಿ ಕೂತರೆ ಕಾಣಲ್ಲ, ಸ್ಟೀರಿಂಗ್ ಮೇಲೆ ಗದ್ದ ಇಟ್ಟು ಮೇಲಕ್ಕೆ ನೋಡಬೇಕು. ಅವು ಬಿಚ್ಚಿದ ಮೇಲೆ ಹುಡ್ಡು ಕೈಯಲ್ಲೇ ಬಂತು.

ಅಲ್ಲಿಗೆ ಎಲ್ಲ ಸಸೂತ್ರ. ಆಮೇಲೆ ಮಾಡಿದೆ ನೋಡಿ ಕೆಲಸ.

ಮೀಟರ್ ಬೋರ್ಡಿನ ಸ್ಕ್ರೂಗಳನ್ನೂ ತೆಗೆದೆ. ಬೋರ್ಡು ಒಂದು ಇಂಚು ಮುಂದಕ್ಕೆ ಬಂದು ನಿಂತುಬಿಡ್ತು. ವರ್ಷಗಟ್ಟಲೆ ಬಿಚ್ಚಿಲ್ಲ, ಹಿಡ್ಕೊಂಡಿರಬೇಕು ಅಂತ ಆ ಕಡೆ ಈ ಕಡೆ ಅಲ್ಲಾಡಿಸಿ ಎಳೆದೆ. 'ಟಕ್' ಅಂತು. ಬಿಡ್ತಪ್ಪ ಅಂತ ಖುಷಿಯಾಯ್ತು. ಬಿಟ್ಟಿದ್ದಲ್ಲ ಸ್ವಾಮಿ, ಮುರಿದಿದ್ದು.

ಹಳೇ ಕಾರುಗಳಲ್ಲಿ ಸ್ಪೀಡೋಮೀಟರ್ ನಡೆಯೋದು ಕೇಬಲ್ಲಿಂದ. ಅದು ಗೇರ್‌ಬಾಕ್ಸಿಂದ ಹೊರಟು, ಎಂಜಿನ್ ಹಿಂದಿನ ತಗಡಿನ ರಬ್ಬರ್ ತೂತಿನ ಮೂಲಕ ಒಳಗೆ ಬಂದು, ಮೀಟರ್ ಬೆನ್ನಿಗೆ ಕಚ್ಚಿಕೊಳ್ಳುತ್ತೆ. ತುದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಲಾಕ್. ಬೆರಳಲ್ಲಿ ಲಾಕ್ ಒತ್ತಿ ಹಿಡಿದರೆ ಮಾತ್ರ ಕಳಚುತ್ತೆ. ಕೇಬಲ್ ಉದ್ದ ಸಾಲಲ್ಲ, ಅದಕ್ಕೇ ಬೋರ್ಡು ಒಂದು ಇಂಚಿಗೆ ನಿಲ್ಲೋದು. ಆಗ ಮಾಡಬೇಕಾಗಿದ್ದು ಇಷ್ಟೇ: ಬಾನೆಟ್ ಎತ್ತಿ ಆ ರಬ್ಬರಿನ ಹತ್ತಿರ ಕೇಬಲ್ಲನ್ನ ಸ್ವಲ್ಪ ಒಳಕ್ಕೆ ತಳ್ಳೋದು, ಬೋರ್ಡು ಇನ್ನೊಂದಿಷ್ಟು ಮುಂದೆ ಬಂದಾಗ ಹಿಂದೆ ಕೈ ಹಾಕಿ ಲಾಕ್ ಒತ್ತೋದು. ನಾನು ಲಾಕ್ ಮುರಿದೆ.

ಅದೊಂದೇ ಆಗಿದ್ದರೆ ಪರವಾಗಿರಲಿಲ್ಲ. ಮೀಟರ್ ಬೆನ್ನಿಗೆ ಎಕ್ಸ್‌ರೇ ಫಿಲಂ ಥರದ ತೆಳು ಹಾಳೆ ಅಂಟಿಸಿರ್ತಾರೆ, ಅದರ ಮೇಲೆ ತಾಮ್ರದ ಗೆರೆಗಳು. ಬಲ್ಬಿಗೆ, ಪೆಟ್ರೋಲ್ ಮುಳ್ಳಿಗೆ, ಟೆಂಪರೇಚರ್ ಮುಳ್ಳಿಗೆ ಕರೆಂಟ್ ಹೋಗೋದು ಆ ಗೆರೆಗಳಲ್ಲೇ. ವೈರಿಂಗ್ ಕಪ್ಲರ್, ಅಂದ್ರೆ ವೈರುಗಳ ಪ್ಲಗ್ಗು, ಸಿಕ್ಕಿಸೋದೂ ಅದರ ಅಂಚಿಗೆ. ಕಪ್ಲರ್ ಕಳಚದೆ ಎಳೆದಾಗ ಹಾಳೆ ಮೂಲೆಯಲ್ಲಿ ಮೇಲೆದ್ದು ಒಂದು ಗೆರೆ ಬಿರುಕು ಬಿಟ್ಟಿತ್ತು. ಕೂದಲೆಳೆ ಬಿರುಕು, ನನಗೆ ಕಾಣಲೇ ಇಲ್ಲ. ಬಲ್ಬ್ ಹಾಕಿದೆ, ಝಗ್ ಅಂತ ಉರೀತು, ಹೆಂಡತಿಗೆ ಕರೆದು ತೋರಿಸಿದೆ.

ಪೆಟ್ರೋಲ್ ಮುಳ್ಳು ಮಾತ್ರ ಆವತ್ತಿಂದ ತಳಕ್ಕೆ ಬಿದ್ದಿದ್ದು ಏಳಲಿಲ್ಲ. ಹೋಗ್ಲಿ ಬಿಡು, ಕಿಲೋಮೀಟರ್ ಲೆಕ್ಕ ಇಟ್ಕೊಂಡು ಹಾಕಿಸೋಣ ಅಂದ್ಕೊಂಡೆ. ಆದರೆ ಕಿಲೋಮೀಟರ್ ತಿರುಗಿಸೋದೂ ಅದೇ ಕೇಬಲ್ಲು! ಲಾಕ್ ಇಲ್ಲದ ಕೇಬಲ್ ಹಳ್ಳ ಬಂದಾಗ ಜಾರುತ್ತೆ, ಯಾವಾಗಲೋ ಮತ್ತೆ ಕೂರುತ್ತೆ. ಬೆಂಗಳೂರಲ್ಲಿ ಹಳ್ಳಕ್ಕೇನು ಬರ. ನಾನು ನೂರು ಓಡಿಸಿದರೆ ಮೀಟರ್ ಅರವತ್ತು ತೋರಿಸ್ತಿತ್ತೋ ಏನೋ. ಕೊನೆಗೆ ಒಂದು ಸಂಜೆ ಮಾರ್ಕೆಟ್ ಫ್ಲೈಓವರ್ ಮೇಲೆ, ಸಿರ್ಸಿ ಸರ್ಕಲ್ ಇಳಿಯೋಕೆ ಇನ್ನೂ ದೂರ ಇರುವಾಗ, ಪೆಟ್ರೋಲ್ ಖಾಲಿಯಾಗಿ ಗಾಡಿ ನಿಂತಿತು. ಹಿಂದಿನವರ ಹಾರ್ನು, ಬೈಗುಳ ಎಲ್ಲ ಬರೆಯೋ ಹಾಗಿಲ್ಲ.

ಜೆ.ಸಿ. ರಸ್ತೆಯಲ್ಲಿ ಮೀಟರ್ ರಿಪೇರಿ ಮಾಡೋರೊಬ್ಬರ ಹತ್ತಿರ ಬೋರ್ಡ್ ತಗೊಂಡು ಹೋದೆ. ತಿರುಗಿಸಿ ನೋಡಿದ ತಕ್ಷಣ, "ಎಳೆದ್ರಾ ಸಾರ್?" ಅಂದ್ರು. ಬಿರುಕಿನ ಎರಡೂ ಬದಿ ತಾಮ್ರ ಕೆರೆದು, ಮೇಲೆ ಸಣ್ಣ ವೈರ್ ಇಟ್ಟು ಬೆಸುಗೆ ಹಾಕಿ ಸರಿ ಮಾಡಿದ್ರು. ಲಾಕ್ ಬಿಡಿಯಾಗಿ ಸಿಗಲ್ಲ ಅಂತ ಇಡೀ ಕೇಬಲ್ ಹೊಸದು ಹಾಕಿಸಬೇಕಾಯ್ತು. ಬಲ್ಬಿನ ದುಡ್ಡು ಕಾಫಿ ಕುಡಿಯೋಕೂ ಸಾಲದಷ್ಟು, ಬಿಚ್ಚಿದ ತಪ್ಪಿಗೆ ಕೊಟ್ಟಿದ್ದು ಸಾವಿರಗಳಲ್ಲಿ.

ಹಾಗಾಗಿ ಟ್ರಿಮ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಟ್ರಿಮ್ಮಿಗೆ ಗೀರು ಬಿದ್ದರೆ ನೋಡೋಕೆ ಕೆಟ್ಟದಾಗಿರುತ್ತೆ ಅಷ್ಟೇ, ಅದರ ಹಿಂದೆ ಇರೋದು ಕೆಟ್ಟರೆ ಗಾಡಿ ಕೈ ಕೊಡುತ್ತೆ. ಚಳಿಗಾಲದ ಬೆಳಿಗ್ಗೆ ಮಾತ್ರ ಬಿಚ್ಚಬೇಡಿ, ಹಳೇ ಪ್ಲಾಸ್ಟಿಕ್ ಹಪ್ಪಳ. ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ ಶುರು ಮಾಡಿ. ಬ್ಯಾಟರಿ ನೆಗೆಟಿವ್ ಮೊದಲೇ ಕಳಚಿ. ಸ್ಟೀರಿಂಗಲ್ಲಿ ಏರ್‌ಬ್ಯಾಗ್ ಇರೋ ಹೊಸ ಕಾರಿನವರು ಯಾರಾದ್ರೂ ಇದನ್ನ ಓದ್ತಿದ್ದರೆ, ಬ್ಯಾಟರಿ ಕಳಚಿ ಕೆಲವು ನಿಮಿಷ ಸುಮ್ಮನಿರಿ, ಸ್ಟೀರಿಂಗ್ ಬಿಚ್ಚೋಕಂತೂ ಹೋಗಬೇಡಿ.

ಅರ್ಧ ಕತ್ತಲು ಅಂದಿದ್ದೀರಿ, ಹಾಗಾದ್ರೆ ಬಲ್ಬೇ ಹೋಗಿರೋದು. ಪೂರ್ತಿ ಕತ್ತಲಾಗಿದ್ದು ಜೊತೆಗೆ ಪಾರ್ಕಿಂಗ್ ಲೈಟೂ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ ಅಂತಿದ್ದೆ. ಒಂದು ಹೋಗಿದೆ ಅಂತ ಒಂದೇ ಬದಲಾಯಿಸಬೇಡಿ, ಬೆಳಕಿನ ಬಲ್ಬ್ ಅಷ್ಟೂ ಹಾಕಿ. ಎಲ್ಲ ಒಂದೇ ವಯಸ್ಸಿನವು, ಉಳಿದದ್ದೂ ಹಿಂದೆಯೇ ಹೋಗುತ್ತೆ. ಹೋಲ್ಡರನ್ನ ಕಾಲು ಸುತ್ತು ತಿರುಗಿಸಿದರೆ ಬರುತ್ತೆ. ಹಳೇ ಬಲ್ಬನ್ನೇ ಅಂಗಡಿಗೆ ತಗೊಂಡು ಹೋಗಿ ಅಷ್ಟೇ ವ್ಯಾಟಿನದು ಕೇಳಿ. ಜಾಸ್ತಿ ಬೆಳಕು ಬರಲಿ ಅಂತ ಹೆಚ್ಚಿನ ವ್ಯಾಟ್ ಹಾಕಿದರೆ ಬಿಸಿಗೆ ಹೋಲ್ಡರ್ ಕರಗುತ್ತೆ.

ಎಲ್‌ಇಡಿ ನನಗೆ ಇಷ್ಟ ಇಲ್ಲ, ಒಂದೇ ಕಡೆ ಬೆಳಕು ಚೆಲ್ಲುತ್ತೆ, ಮೀಟರ್ ಮೇಲೆ ಮಚ್ಚೆ ಮಚ್ಚೆ. ಹಾಕೇ ಹಾಕ್ತೀನಿ ಅಂದ್ರೆ, ಉರಿಯದಿದ್ದಾಗ ತಿರುವಿ ಹಾಕಿ, ಅದಕ್ಕೆ ಪ್ಲಸ್ಸು ಮೈನಸ್ಸು ಉಂಟು. ಆದರೆ ಬ್ಯಾಟರಿ ಚಿತ್ರದ ವಾರ್ನಿಂಗ್ ಬಲ್ಬಿಗೆ ಮಾತ್ರ ಖಂಡಿತ ಬೇಡ. ಹಳೇ ಗಾಡಿಗಳಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ಚಾರ್ಜಿಂಗ್ ಶುರು ಮಾಡೋಕೆ ಬೇಕಾದ ಮೊದಲ ಕರೆಂಟ್ ಹೋಗೋದೇ ಆ ಬಲ್ಬಿನ ಮೂಲಕ. ಎಲ್‌ಇಡಿ ಬಿಡೋ ಕರೆಂಟ್ ಸಾಲದೆ ಚಾರ್ಜಿಂಗೇ ಶುರುವಾಗದೆ ಇರಬಹುದು.

ಗ್ಯಾರೇಜಿನ ವಿಷಯ: ಅಲ್ಲಿ ಎಳೆಯೋ ಹುಡುಗನಿಗೂ ನನಗೂ ಏನೂ ವ್ಯತ್ಯಾಸ ಇಲ್ಲ. ಕೊಡೋದೇ ಆದರೆ ಮೀಟರ್ ಕೆಲಸವನ್ನೇ ಮಾಡೋ ಎಲೆಕ್ಟ್ರಿಷಿಯನ್‌ಗೆ ಕೊಡಿ.

ನೀವೇ ಮಾಡಿದರೆ, ಹುಡ್ಡು ಮುಚ್ಚೋಕೆ ಮುಂಚೆ ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿ. ಆಯಿಲ್, ಬ್ಯಾಟರಿ ದೀಪ ಎರಡೂ ಹತ್ತಬೇಕು. ಹತ್ತದಿದ್ದರೆ ಹೋಲ್ಡರ್ ಸರಿಯಾಗಿ ಕೂತಿಲ್ಲ. ಪೆಟ್ರೋಲ್ ಮುಳ್ಳು ಏಳುತ್ತಾ ನೋಡಿ. ಆಮೇಲೆ ಬೋರ್ಡಿಗೆ ಸ್ಕ್ರೂ ಹಾಕಿ, ಹುಡ್ಡಿಲ್ಲದೇ ನಿಮ್ಮ ಬೀದಿಯಲ್ಲಿ ಒಂದು ರೌಂಡ್ ಹೊಡೀರಿ. ಹಂಪ್ ಹಾರಿಸಿದ ಮೇಲೂ ಸ್ಪೀಡೋಮೀಟರ್ ಮುಳ್ಳು ಎದ್ದೇ ಇದ್ದರೆ ಕೇಬಲ್ ಕಚ್ಚಿದೆ ಅಂತ, ಆ ಎರಡು ಸ್ಕ್ರೂ ಹಾಕಿಬಿಡಿ.