ಗೆಳೆಯನ ಕೈ ಕಟ್ಟಲು ಹೋಗಿ ತಂಗಿಯ ಕೈ ಕಟ್ಟಿದಿರಾ?

ಪ್ರಶ್ನೆ: ನಾವು ಐದು ಜನ ಮೂರು ವರ್ಷದಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. 2014ರ ನಿಯಮಗಳು. ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನೇ. ಹೊಸ ಕಥೆಗೆ ಫೀಟ್ (ಪಾತ್ರ ಕಲಿಯುವ ವಿಶೇಷ ಕೌಶಲ) ಇಲ್ಲ, ಮಲ್ಟಿಕ್ಲಾಸ್ (ಒಂದೇ ಪಾತ್ರಕ್ಕೆ ಒಂದಕ್ಕಿಂತ ಹೆಚ್ಚು ಕ್ಲಾಸ್, ಅಂದರೆ ಕಸುಬು) ಇಲ್ಲ ಎಂದು ಗ್ರೂಪಿನಲ್ಲಿ ಮೆಸೇಜ್ ಹಾಕಿದೆ. ಕಾಲೇಜು ದಿನಗಳ ಗೆಳೆಯ ಮುನಿಸಿಕೊಂಡ. "ಅರ್ಧ ಆಟ ಕಿತ್ಕೊಂಡು ಆಡೋಕೆ ಕರೀತೀಯಾ? ನನ್ನ ಬಿಟ್ಟು ಆಡಿ" ಅಂದ. ಹೋದ ಕಥೆಯಲ್ಲಿ ಅವನ ಪ್ಯಾಲಡಿನ್-ವಾರ್ಲಾಕ್ (ಧರ್ಮಯೋಧ, ಮಾಟಗಾರ ಎರಡೂ ಆದ ಪಾತ್ರ) ಮುಂದೆ ಯಾರಿಗೂ ಕೆಲಸವೇ ಇರಲಿಲ್ಲ. ನನ್ನ ತಂಗಿಯ ಫೈಟರ್ ಕತ್ತಿ ಎತ್ತುವಷ್ಟರಲ್ಲಿ ರಾಕ್ಷಸ ಸತ್ತಿರುತ್ತಿದ್ದ. ಅವಳಿಗೆ ಈಗ ಆಟವೇ ಬೇಡವಾಗಿದೆ. ನಾನು ಮಾಡಿದ್ದು ತಪ್ಪಾ? ನಿಯಮ ವಾಪಸ್ ತೆಗೆದುಕೊಳ್ಳಲಾ?

ಉತ್ತರ: ಮೊದಲು ನಿಮ್ಮ ಗೆಳೆಯನ ಮಾತನ್ನೇ ನೋಡೋಣ. ಅರ್ಧ ಆಟ ಕಿತ್ತುಕೊಂಡಿರಿ ಅನ್ನುವುದು ಸರಿಯಲ್ಲ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಆರನೇ ಅಧ್ಯಾಯ ತೆಗೆದು ನೋಡಲಿ. ಮಲ್ಟಿಕ್ಲಾಸ್, ಫೀಟ್ ಎರಡೂ ಐಚ್ಛಿಕ ನಿಯಮಗಳು, ಬೇಕೋ ಬೇಡವೋ ಎಂಬುದು ಡಿಎಂಗೆ ಬಿಟ್ಟದ್ದು ಎಂದು ಅಲ್ಲೇ ಇದೆ. ಅದೇ ವರ್ಷ ಉಚಿತವಾಗಿ ಕೊಟ್ಟ ಬೇಸಿಕ್ ರೂಲ್ಸ್‌ನಲ್ಲಿ ಇದ್ದದ್ದು ನಾಲ್ಕೇ ಕ್ಲಾಸ್, ಫೀಟ್ ಇಲ್ಲವೇ ಇಲ್ಲ. 1974ರಲ್ಲಿ ಈ ಆಟ ಮೊದಲು ಬಂದಾಗ ಮೂರು ಕ್ಲಾಸ್ ಇಟ್ಟುಕೊಂಡೇ ಜನ ರಾತ್ರಿಯಿಡೀ ಆಡುತ್ತಿದ್ದರು. ಫೀಟ್ ಎಂಬುದು ಬಂದದ್ದೇ 2000ದಲ್ಲಿ, ಮೂರನೇ ಆವೃತ್ತಿಯ ಜೊತೆಗೆ.

ಆದರೆ ಅವನ ಸಿಟ್ಟಿಗೂ ಕಾರಣ ಇಲ್ಲದಿಲ್ಲ. 2024ರ ಹೊಸ ಪುಸ್ತಕದಲ್ಲಿ ಪ್ರತಿ ಕ್ಯಾರೆಕ್ಟರ್‌ಗೂ ಹಿನ್ನೆಲೆಯ ಜೊತೆ ಒಂದು ಫೀಟ್ ಮೊದಲ ಲೆವೆಲ್‌ನಲ್ಲೇ ಬರುತ್ತದೆ. ಅದನ್ನು ಓದಿದವನಿಗೆ ನಿಮ್ಮ ಮೆಸೇಜ್ ಬಡಿಸಿದ ತಟ್ಟೆ ಎಳೆದುಕೊಂಡ ಹಾಗೆ ಕಂಡಿರಬಹುದು. ಅದೂ ನಾಲ್ಕು ಜನರ ಎದುರು, ಗ್ರೂಪಿನಲ್ಲಿ.

ಈಗ ನಿಮ್ಮ ಕಡೆಗೆ ಬರೋಣ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಫೀಟ್ ಮೇಲೆ ಕೋಪ ಇಲ್ಲ. ಗೆಳೆಯನಿಗೆ "ನೀನು ಎಲ್ಲವನ್ನೂ ಒಬ್ಬನೇ ಮುಗಿಸ್ತೀಯಾ, ಬೇರೆಯವರಿಗೂ ಬಿಡು" ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ನಿಯಮದ ಕೈಯಲ್ಲಿ ಹೇಳಿಸಿದಿರಿ. ಅವನಿಗೆ ಅದು ಗೊತ್ತಾಯಿತು, ಅದಕ್ಕೇ ನೋವಾಯಿತು. (ನಾನೂ ಒಮ್ಮೆ ಹೀಗೇ ಮಾಡಿದ್ದೇನೆ. ಒಬ್ಬನಿಗಾಗಿ ಒಂದು ಮಂತ್ರವನ್ನೇ ನಿಷೇಧಿಸಿದ್ದೆ. ಅವನು ಮುಂದಿನ ವಾರ ಅದಕ್ಕಿಂತ ಕೆಟ್ಟದ್ದನ್ನು ಹುಡುಕಿಕೊಂಡು ಬಂದ.)

ನಿಮಗೂ ಹಾಗೇ ಆಗುತ್ತದೆ. ಪುಸ್ತಕ ಅರೆದು ಕುಡಿದವನು ನಾಳೆ ವಿಝಾರ್ಡ್ (ಮಂತ್ರವಾದಿ) ಹಿಡಿದು ಬರುತ್ತಾನೆ. ವಿಝಾರ್ಡ್‌ಗೆ ಫೀಟ್ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಐದನೇ ಲೆವೆಲ್‌ಗೆ ಫೈರ್‌ಬಾಲ್ ಮಂತ್ರ ಕೈಗೆ ಬರುತ್ತದೆ, ಎಂಟು ದಾಳ ಉರುಳಿಸಿ ಗುಂಪಿಗೆ ಗುಂಪನ್ನೇ ಸುಡಬಹುದು. ಫೀಟ್ ಹೋದರೆ ನಿಜವಾಗಿ ಕಳೆದುಕೊಳ್ಳುವವಳು ನಿಮ್ಮ ತಂಗಿ. ಸಾಮರ್ಥ್ಯ ಹೆಚ್ಚಿಸಿಕೊಳ್ಳುವ, ಇಲ್ಲವೇ ಅದರ ಬದಲು ಒಂದು ಫೀಟ್ ಪಡೆಯುವ ಅವಕಾಶ ಹೆಚ್ಚಿನ ಕ್ಲಾಸ್‌ಗಳಿಗೆ ಇಪ್ಪತ್ತು ಲೆವೆಲ್‌ನಲ್ಲಿ ಐದು ಸಲ. ಫೈಟರ್‌ಗೆ ಏಳು ಸಲ. ಬಲವನ್ನು 16ರಿಂದ ಶುರು ಮಾಡಿದರೆ ಆರನೇ ಲೆವೆಲ್‌ಗೇ 20 ಮುಟ್ಟಿ ನಿಂತುಬಿಡುತ್ತದೆ. ಉಳಿದ ಐದು ಅವಕಾಶಗಳಲ್ಲಿ ಹೊಸ ವರಸೆ ಕಲಿಯಲಿ ಎಂದೇ ಫೀಟ್ ಇದ್ದದ್ದು.

ಹಾಗಂತ ಫೀಟ್ ಇಲ್ಲದೆ ಅವಳ ಏಟು ಸಪ್ಪೆಯಾಗುತ್ತದಾ? ಒಂದು ಲೆಕ್ಕ ಹಾಕಿ ನೋಡಿದೆ. ಎಲ್ಲರೂ ಕುಣಿದಾಡುವ ಗ್ರೇಟ್ ವೆಪನ್ ಮಾಸ್ಟರ್ ಫೀಟ್ ಇದೆಯಲ್ಲ, ಏಟು ತಾಗಿತೋ ಇಲ್ಲವೋ ನೋಡಲು ಉರುಳಿಸುವ ದಾಳದಲ್ಲಿ 5 ಕಳೆದುಕೊಂಡರೆ ಪೆಟ್ಟಿಗೆ 10 ಕೂಡುತ್ತದೆ. ಐದನೇ ಲೆವೆಲ್ ಫೈಟರ್, ಕೈಯಲ್ಲಿ ಗ್ರೇಟ್‌ಸೋರ್ಡ್, ಎದುರಿನವನ ಆರ್ಮರ್ ಕ್ಲಾಸ್ (ಏಟು ತಾಗಲು ದಾಳ ಮುಟ್ಟಬೇಕಾದ ಅಂಕ) 15. ನಾಲ್ಕನೇ ಲೆವೆಲ್‌ನಲ್ಲಿ ಫೀಟ್ ಬಿಟ್ಟು ಬಲವನ್ನು 18ಕ್ಕೆ ಏರಿಸಿಕೊಂಡಿದ್ದರೆ ನೂರಕ್ಕೆ 65 ಸಲ ತಾಗುತ್ತದೆ, ಒಂದು ಬೀಸಿಗೆ ಸರಾಸರಿ 7.15 ಪೆಟ್ಟು. ಫೀಟ್ ತೆಗೆದುಕೊಂಡು ಬಲ 16ರಲ್ಲೇ ಉಳಿದಿದ್ದರೆ 35 ಸಲ ತಾಗುತ್ತದೆ, ಸರಾಸರಿ 7. ಕ್ರಿಟಿಕಲ್ ಹಿಟ್‌ಗೆ (ದಾಳದಲ್ಲಿ 20 ಬಿದ್ದಾಗ) ಸಿಗುವ ಹೆಚ್ಚುವರಿ ದಾಳ ಸೇರಿಸಿದರೂ ಎರಡೂ ಕಡೆ ಒಂದೇ ಅಷ್ಟು ಏರುತ್ತದೆ. ಅಂದರೆ ಸುಮ್ನೆ ಬೀಸಿದರೆ ಫೀಟ್‌ನ ಈ ವ್ಯಾಪಾರದಿಂದ ಏನೂ ಬಂದ ಹಾಗಾಗಲಿಲ್ಲ. ಜೊತೆಯವರು ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲ) ಒದಗಿಸಿದಾಗ, ಎದುರಿನವನ ಕವಚ ತೆಳುವಿದ್ದಾಗ ಮಾತ್ರ ಅದು ಹುಚ್ಚೆದ್ದು ಕುಣಿಯುತ್ತದೆ. ಆ ಸಂದರ್ಭ ಹುಡುಕಿ ಹುಡುಕಿ ತರುವವರು ಯಾರು? ನಿಮ್ಮ ಗೆಳೆಯನಂಥವರು. ತಂಗಿಯಲ್ಲ.

ಇನ್ನೊಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಆಟದಲ್ಲಿ ಒಂದು ದಿನಕ್ಕೆ ಎಷ್ಟು ಕಾಳಗ? 2014ರ ಡಂಜನ್ ಮಾಸ್ಟರ್ಸ್ ಗೈಡ್ ಒಂದು ದಿನದಲ್ಲಿ ಆರರಿಂದ ಎಂಟು ಸಾಧಾರಣ ಅಥವಾ ಕಷ್ಟದ ಮುಖಾಮುಖಿಗಳ ಲೆಕ್ಕ ಕೊಡುತ್ತದೆ. ನೀವು ಒಂದೇ ದೊಡ್ಡ ಜಗಳ ಇಟ್ಟು ಎಲ್ಲರನ್ನೂ ನಿದ್ದೆಗೆ ಕಳಿಸಿದರೆ, ಪ್ಯಾಲಡಿನ್ ಕೂಡಿಟ್ಟ ಮಂತ್ರಶಕ್ತಿಯನ್ನೆಲ್ಲ ಮೊದಲ ಸುತ್ತಿನಲ್ಲೇ ಸುರಿದುಬಿಡುತ್ತಾನೆ. ಅದೇ ಒಂದರ ಹಿಂದೆ ಒಂದು ಜಗಳ ಇಟ್ಟರೆ, ಮೂರನೇ ಜಗಳಕ್ಕೆ ಅವನ ಚೀಲ ಬರಿದಾಗುತ್ತದೆ. ಕತ್ತಿ ಮಾತ್ರ ಖಾಲಿಯಾಗುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಇಲ್ಲೇ ಇದೆ.

ಹಾಗಾದರೆ ನಿಯಮ ಇಡಬೇಕಾ, ಬಿಡಬೇಕಾ? ಮಲ್ಟಿಕ್ಲಾಸ್ ಬೇಡ ಎಂಬುದನ್ನು ಉಳಿಸಿಕೊಳ್ಳಿ. ಹೊಸಬರಿಗೆ ಆಟ ಹಗುರವಾಗುತ್ತದೆ, ಯಾರಿಗೆ ಯಾವ ಕೆಲಸ ಎಂಬುದೂ ಸ್ಪಷ್ಟ. ಕತ್ತಿಯೂ ಬೇಕು ಮಂತ್ರವೂ ಬೇಕು ಅನ್ನುವವರಿಗೆ ಮೂರನೇ ಲೆವೆಲ್‌ನಲ್ಲಿ ಫೈಟರ್‌ನ ಎಲ್ಡ್ರಿಚ್ ನೈಟ್ ದಾರಿ ಇದ್ದೇ ಇದೆ. ಪ್ಯಾಲಡಿನ್ ಅಂತೂ ಎರಡನೇ ಲೆವೆಲ್‌ಗೇ ಮಂತ್ರ ಹಾಕುತ್ತಾನೆ. ಫೀಟ್ ವಿಷಯವನ್ನು ಮಾತ್ರ ಸದ್ಯ ತೀರ್ಮಾನಿಸಬೇಡಿ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ವೇರಿಯಂಟ್ ಹ್ಯೂಮನ್ (ಒಂದು ಬಗೆಯ ಮಾನವ ಪಾತ್ರ) ಒಂದನ್ನು ಬಿಟ್ಟರೆ ನಾಲ್ಕನೇ ಲೆವೆಲ್ ತನಕ ಫೀಟ್ ಪ್ರಶ್ನೆಯೇ ಏಳುವುದಿಲ್ಲ. ಇನ್ನೂ ಎಷ್ಟೋ ವಾರ ಆಚೆ ಇರುವ ವಿಷಯಕ್ಕೆ ಇವತ್ತು ಮಾತು ಬಿಟ್ಟು ಕೂತಿದ್ದೀರಿ, ಅಲ್ವಾ? ನಾಲ್ಕನೇ ಲೆವೆಲ್ ಬಂದಾಗ ಐದೂ ಜನ ಕೂತು ಮಾತಾಡಿ. ಆಗ ತಂಗಿಗೇ ಒಂದು ಫೀಟ್ ಬೇಕು ಅನ್ನಿಸಿದರೂ ಅನ್ನಿಸಬಹುದು.

ಅದಕ್ಕೂ ಮೊದಲು ಗೆಳೆಯನಿಗೆ ಫೋನ್ ಮಾಡಿ. ಮೆಸೇಜ್ ಬೇಡ. "ಗ್ರೂಪಲ್ಲಿ ಹಾಗೆ ಹಾಕಿದ್ದು ನನ್ನ ತಪ್ಪು. ಹೋದ ಸಲ ನೀನೊಬ್ಬನೇ ಆಡಿದ ಹಾಗಾಯ್ತು, ನನ್ನ ತಂಗಿ ಸುಮ್ಮನೆ ಕೂತಿದ್ಳು. ಅದನ್ನ ನಿನಗೇ ನೇರವಾಗಿ ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ" ಅನ್ನಿ. ಇಷ್ಟು ಸಾಕು, ಫೀಟ್ ಪುರಾಣ ಬೇಡ. ಆಮೇಲೂ ಅವನು ಬರುವುದಿಲ್ಲ ಅಂದರೆ ಬಿಡಿ. ಒಂದು ಕಥೆ ತಪ್ಪಿಸಿಕೊಂಡ ಮಾತ್ರಕ್ಕೆ ಕಾಲೇಜಿನ ಗೆಳೆತನ ಮುರಿಯುವುದಿಲ್ಲ. ಬರುತ್ತೇನೆ ಅಂದರೆ ಅವನಿಗೊಂದು ಕೆಲಸ ಕೊಡಿ: ತಂಗಿಯ ಜೊತೆ ಕೂತು ಅವಳ ಫೈಟರ್ ಕಟ್ಟಲು ಸಹಾಯ ಮಾಡಲಿ. ಪುಸ್ತಕದ ಮೂಲೆ ಮೂಲೆ ಗೊತ್ತಿರುವವನಿಗೆ ಇದಕ್ಕಿಂತ ಇಷ್ಟದ ಕೆಲಸ ಇಲ್ಲ.

ಫೈಟರ್‌ಗಿರುವ ದಾರಿಗಳಲ್ಲಿ ಚಾಂಪಿಯನ್ ಬೇಡ, ಮೂರನೇ ಲೆವೆಲ್‌ಗೆ ಬ್ಯಾಟಲ್ ಮಾಸ್ಟರ್ ಹಿಡಿಯಲಿ. ಫೀಟ್ ಇಲ್ಲದೆಯೂ ಅವಳ ಕೈಗೆ ನಾಲ್ಕು ದಾಳ, ಮೂರು ವರಸೆ ಸಿಗುತ್ತವೆ. ಸ್ವಲ್ಪ ಹೊತ್ತು ಕೂತು ದಣಿವಾರಿಸಿಕೊಂಡರೆ ದಾಳಗಳು ವಾಪಸ್ ಬರುತ್ತವೆ. ಆ ವರಸೆಗಳಲ್ಲಿ ಕಮಾಂಡರ್ಸ್ ಸ್ಟ್ರೈಕ್ ಎಂಬುದೊಂದಿದೆ. ತನ್ನ ಒಂದು ಏಟು ಬಿಟ್ಟುಕೊಟ್ಟು ಜೊತೆಯವನಿಂದ ಹೊಡೆಸಬಹುದು, ತನ್ನ ದಾಳವನ್ನು ಅವನ ಪೆಟ್ಟಿಗೆ ಸೇರಿಸಬಹುದು. ಮೊದಲ ಸಲ ಅವಳು ಟೇಬಲ್‌ನ ಆಚೆ ಬದಿಗೆ ಕೈ ತೋರಿಸಿ "ಅಣ್ಣಾ, ಹೊಡಿ" ಅಂದಾಗ ನಿಮ್ಮ ಗೆಳೆಯನ ಮುಖ ಹೇಗಿತ್ತು ಎಂದು ನನಗೊಂದು ಪತ್ರ ಬರೆಯಿರಿ.