ಕೊಲೆಗಾರ ಗೊತ್ತಾದ ಮೇಲೆ ನೋಡುವುದೇನು?

ಕುಷ್ಟಗಿಯಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: “ಹಳೇ ಟಿ.ವಿ. ಧಾರಾವಾಹಿಗಳ ಬಗ್ಗೆ ಬರೆಯುವಾಗ ನೀವು ‘ಕೊಲಂಬೋ’ದ ‘ಮರ್ಡರ್ ಬೈ ದಿ ಬುಕ್’ ಕಂತನ್ನು ಬಾಯಿತುಂಬ ಹೊಗಳಿದ್ದಿರಿ. ಮಗನಿಗೆ ಹೇಳಿ ಹಾಕಿಸಿಕೊಂಡು ನೋಡಿದೆ. ಕೊಲೆಗಾರ ಯಾರು ಅಂತ ಶುರುವಿನಲ್ಲೇ ತೋರಿಸಿಬಿಡುತ್ತಾರೆ. ಆಮೇಲೆ ಮಾಸಿದ ಕೋಟಿನ ಪೊಲೀಸಿನವನು ಸುಮ್ನೆ ಓಡಾಡುತ್ತಾನೆ. ಹೊಡೆದಾಟವಿಲ್ಲ, ಬೆನ್ನಟ್ಟುವುದಿಲ್ಲ. ಕೊನೆಗೆ ಸಿಗುವ ಸಾಕ್ಷಿಯೂ ಪೊಳ್ಳು. ಇದರಲ್ಲಿ ಏನು ಕಂಡಿರಿ?”

ಮಾಸ್ತರೇ, ನಿಮ್ಮ ಪತ್ರ ಓದಿ ಭಾನುವಾರ ರಾತ್ರಿ ಅದನ್ನು ಮತ್ತೆ ನೋಡಿದೆ. ಸಾಕ್ಷಿಯ ಮಾತು ಒಪ್ಪಿದೆ. ಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ. ಆದರೆ ಕೊಲೆಗಾರ ಗೊತ್ತಾದರೆ ಕತೆ ಮುಗಿಯಿತು ಅನ್ನುವುದನ್ನು ಒಪ್ಪಲಾರೆ.

ನೋಡದವರಿಗಾಗಿ ಎರಡು ಮಾತು. ಕೊಲಂಬೋ ಅಂದರೆ ಆ ಮಾಸಿದ ಕೋಟಿನ ಪೊಲೀಸಿನವನೇ. ಕೆನ್ ಫ್ರಾಂಕ್ಲಿನ್, ಜಿಮ್ ಫೆರಿಸ್ ಇಬ್ಬರೂ ಜೋಡಿ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ತರುವವರು. ನಿಜಕ್ಕೂ ಬರೆಯುವವನು ಜಿಮ್ ಒಬ್ಬನೇ. ಕೆನ್ ಮಾತಿನ ಮಲ್ಲ. ಇನ್ನು ಬೇರೆಯಾಗೋಣ ಅಂತಾನೆ ಜಿಮ್. ಕೆನ್ ಅವನನ್ನು ಪುಸಲಾಯಿಸಿ ದೂರದ ತನ್ನ ಇನ್ನೊಂದು ಮನೆಗೆ ಕರೆದೊಯ್ಯುತ್ತಾನೆ. ‘ಆಫೀಸಿನಲ್ಲೇ ಇದ್ದೇನೆ, ತಡವಾಗುತ್ತೆ’ ಅಂತ ಅವನ ಬಾಯಿಂದಲೇ ಹೆಂಡತಿಗೆ ಫೋನ್ ಮಾಡಿಸುತ್ತಾನೆ. ಮಾತಿನ ನಡುವೆಯೇ ಗುಂಡು ಹಾರಿಸುತ್ತಾನೆ.

ಈಗ ನಮ್ಮ ದೊಡ್ಡಾಟ ನೆನಪು ಮಾಡಿಕೊಳ್ಳಿ. ಸುಗ್ಗಿ ಮುಗಿದ ಮೇಲೆ ಕಂಬಳಿ ಹೊದ್ದು ಬೆಳಗಿನ ತನಕ ಕೂತವರಲ್ಲವೇ ನಾವು? ದುರ್ಯೋಧನ ಸಾಯುತ್ತಾನೆ ಅಂತ ಯಾರಿಗೆ ಗೊತ್ತಿರಲಿಲ್ಲ? ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಭುಜಕೀರ್ತಿ ಕಟ್ಟಿಕೊಂಡ ರಾಜ ಹಲಗೆ ಧಡಧಡ ಅನ್ನುವಂತೆ ಕುಣಿದು ಬರುತ್ತಿದ್ದ. ಆಟ ನಡೆಸುವ ಸಾರಥಿ ಏನೂ ತಿಳಿಯದವನ ಹಾಗೆ ನಿಂತು, ನೀವು ಯಾರು, ಇಲ್ಲಿಗೆ ಬಂದ ಕಾರಣವೇನು ಅಂತ ಕೇಳುತ್ತಿದ್ದ. ಕೇಳಿದಷ್ಟೂ ರಾಜ ಉಬ್ಬುತ್ತಿದ್ದ. ತನ್ನ ಬಣ್ಣವನ್ನು ತಾನೇ ಬಯಲು ಮಾಡಿಕೊಳ್ಳುತ್ತಿದ್ದ.

ನನ್ನ ಕಣ್ಣಿಗೆ ಕೊಲಂಬೋ ಅಂದರೆ ಆ ಸಾರಥಿ.

ಅವನು ಮೊದಲು ಕಾಣಿಸಿಕೊಳ್ಳುವುದನ್ನೇ ನೋಡಿ. ಗಂಡನ ಆಫೀಸು ಚೆಲ್ಲಾಪಿಲ್ಲಿ ಆಗಿದೆ ಅಂತ ಗಾಬರಿಯಾದ ಹೆಂಗಸು ಪಡಸಾಲೆಯಲ್ಲಿ ನಿಂತಿದ್ದಾಳೆ. ಇವನು ಕುಡಿಯುವ ನೀರಿನ ನಲ್ಲಿಯ ಹತ್ತಿರ ಸಿಗುತ್ತಾನೆ. ಆಮೇಲೆ ಅವಳನ್ನು ಮನೆಗೆ ಬಿಟ್ಟು, ಅಡುಗೆಮನೆಗೇ ಹೋಗಿ ಆಮ್ಲೆಟ್ ಮಾಡುತ್ತಾನೆ. ಅಡುಗೆ ನನಗೆ ಬರಲ್ಲ, ಇದೊಂದು ಮಾತ್ರ ಚೆನ್ನಾಗಿ ಬರುತ್ತೆ ಅನ್ನುತ್ತಾನೆ. ತನಿಖೆ ಮಾಡಲು ಬಂದವನು ಹೀಗೆ ಒಲೆ ಮುಂದೆ ನಿಂತದ್ದನ್ನು ನಾನು ಬೇರೆ ಯಾವ ಪೊಲೀಸ್ ಕತೆಯಲ್ಲೂ ಕಂಡಿಲ್ಲ. ನೀವು ‘ಸುಮ್ನೆ ಓಡಾಡುತ್ತಾನೆ’ ಅಂದದ್ದು ಇದನ್ನೇ ಇರಬೇಕು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದೂ ಇದೇ.

ಅವನಿಗೆ ಸಂಶಯ ಹುಟ್ಟುವುದೂ ಮನೆವಾರ್ತೆಯ ಸಣ್ಣ ವಿಷಯದಿಂದ. ಕೆನ್‌ನ ನಗರದ ಮನೆಯಂಗಳದಲ್ಲಿ ಗೆಳೆಯನ ಹೆಣ ಬಿದ್ದಿದೆ. ಅಂಥ ಹೊತ್ತಿನಲ್ಲೂ ಅವನು ಬಂದ ಟಪಾಲನ್ನೆಲ್ಲ ಒಡೆದು ನೋಡಿದ್ದಾನೆ. ಗೆಳೆಯನಿಗಾಗಿ ಅಳುವವನು ಬಿಲ್ಲು ಓದುತ್ತಾ ಕೂರುತ್ತಾನಾ? ಕೊಲಂಬೋ ಗದರಿಸುವುದಿಲ್ಲ. ಗಲ್ಲ ತುರಿಸಿಕೊಂಡು ಕೇಳುತ್ತಾನೆ, ಅಷ್ಟೇ. ಕೆನ್ ನಗುತ್ತಾ ಉತ್ತರ ಕೊಡುತ್ತಾನೆ. ಆ ನಗು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದೇ ಕತೆ. ಕೆನ್ ಪಾತ್ರದ ಜ್ಯಾಕ್ ಕ್ಯಾಸಿಡಿ ಅದನ್ನು ಮುಖದಲ್ಲೇ ಆಡಿ ತೋರಿಸಿದ್ದಾರೆ. ಎದುರಿಗೆ ಕೊಲಂಬೋ ಆಗಿ ಪೀಟರ್ ಫಾಕ್. ಆ ಮಾಸಿದ ಕೋಟು ಫಾಕ್ ಅವರ ಸ್ವಂತದ್ದು.

1971ರ ಸೆಪ್ಟೆಂಬರ್ 15ರಂದು ಇದು ಅಮೆರಿಕದಲ್ಲಿ ಪ್ರಸಾರವಾಯಿತು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಆಗ 24 ವರ್ಷ. ಶುರುವಿನ ದೃಶ್ಯವನ್ನು ಇನ್ನೊಮ್ಮೆ ಕಿವಿಗೊಟ್ಟು ನೋಡಿ, ಮಾಸ್ತರೇ. ರಸ್ತೆಯಲ್ಲಿ ಕಾರು ಬರುತ್ತಿದೆ, ಕಾರಿನ ಸದ್ದೇ ಇಲ್ಲ. ಕೇಳುವುದು ಟೈಪ್‌ರೈಟರಿನ ಟಕಟಕ ಮಾತ್ರ. ಒಬ್ಬ ಬರೆಯುತ್ತಿದ್ದಾನೆ, ಇನ್ನೊಬ್ಬ ಕೊಲ್ಲಲು ಬರುತ್ತಿದ್ದಾನೆ. ಒಂದೂ ಮಾತಿಲ್ಲದೆ ಇಬ್ಬರ ಸಂಬಂಧ ತಿಳಿದುಹೋಗುತ್ತದೆ. ಕೊಲಂಬೋನನ್ನು ಹುಟ್ಟಿಸಿದ ರಿಚರ್ಡ್ ಲೆವಿನ್ಸನ್, ವಿಲಿಯಂ ಲಿಂಕ್ ಕೂಡ ಶಾಲೆಯ ದಿನಗಳಿಂದ ಜೋಡಿಯಾಗಿ ಬರೆದವರು. ಜೋಡಿ ಲೇಖಕರ ಕತೆ ಅವರ ಕೈಯಿಂದ ಹಾದುಹೋಗಿದೆ ಅನ್ನುವುದು ನನ್ನನ್ನು ಕಾಡುತ್ತದೆ. ಬರೆಯುವವರ ನಡುವೆಯೇ ದಿನ ಕಳೆಯುವವನಿಗೆ, ಯಾರದೋ ಬರಹಕ್ಕೆ ಇನ್ಯಾರದೋ ಹೆಸರು ಬೀಳುವುದು ಸಣ್ಣ ಮಾತಲ್ಲ.

ಇನ್ನು ಆ ಪೊಳ್ಳು ಸಾಕ್ಷಿ. ಈ ಕೊಲೆಯ ಉಪಾಯವನ್ನು ಜಿಮ್ ಯಾವಾಗಲೋ ಚೀಟಿಯಲ್ಲಿ ಬರೆದಿಟ್ಟಿದ್ದ, ಮುಂದೆ ಕಾದಂಬರಿಗೆ ಬೇಕಾದೀತು ಅಂತ. ಕೊಲಂಬೋ ಅದನ್ನು ಹುಡುಕಿ ತಂದು ಓದುತ್ತಾನೆ. ಕೆನ್ ಇನ್ನೂ ವಾದ ಮಾಡಬಹುದಿತ್ತು, ವಕೀಲರನ್ನು ಕರೆಸಬಹುದಿತ್ತು. ಅದನ್ನು ಬಿಟ್ಟು ಅವನು ಹೇಳುವುದು ಬೇರೆ. ಆ ಉಪಾಯ ನನ್ನದು, ನನಗೆ ಹೊಳೆದ ಒಂದೇ ಒಂದು ಒಳ್ಳೆಯ ಉಪಾಯ, ಐದು ವರ್ಷದ ಹಿಂದೆ ಜಿಮ್‌ಗೆ ಹೇಳಿದ್ದೆ, ಅವನು ಬರೆದಿಟ್ಟುಕೊಳ್ಳುತ್ತಾನೆ ಅಂತ ಯಾರಿಗೆ ಗೊತ್ತಿತ್ತು ಅಂತಾನೆ.

ಇದು ನಿನ್ನದಾ ಅಂತ ಕೊಲಂಬೋ ಕೇಳಿರಲೇ ಇಲ್ಲ. ಆ ಮಾತು ಹೇಳುವಾಗಿನ ಕ್ಯಾಸಿಡಿಯ ಮುಖವನ್ನು ಮತ್ತೊಮ್ಮೆ ನೋಡಿ ಬರೆಯಿರಿ. ನಿಮ್ಮ ಪತ್ರಕ್ಕೆ ಕಾಯುತ್ತೇನೆ.

— ಸಂ.